ಹತ್ತಿರದ್ದು ಓಡಲಿ, ದೂರದ್ದು ನಿಲ್ಲಲಿ

ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದ ಕಲ್ಲಿನ ಕಟ್ಟಡ ದಾಟಿ ನಾಲ್ಕು ನಿಮಿಷ ನಡೆದರೆ ನನ್ನ ಅಂಗಡಿ. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಗೋಡೆಗೆ ಅಪ್ಪನ ಫೋಟೊ. ಮೊದಲೆಲ್ಲ ಅರ್ಜಿ, ಬಾಂಡ್, ಥೀಸಿಸ್ ಟೈಪಿಂಗ್ ಇವೇ ನನ್ನ ಹೊಟ್ಟೆ ಹೊರೆಯುತ್ತಿದ್ದವು. ಈಗ ಅರ್ಧಕ್ಕೂ ಹೆಚ್ಚು ಕೆಲಸ ಪಿಪಿಟಿಯದ್ದು. ಮಿನಿ ವಿಧಾನಸೌಧದ ಪರಿಶೀಲನಾ ಸಭೆಗೆ ಸ್ಲೈಡ್, ಪಿಎಚ್‌ಡಿ ವೈವಾಕ್ಕೆ ಸ್ಲೈಡ್, ಶಿಕ್ಷಕರ ತರಬೇತಿಗೆ ಸ್ಲೈಡ್. ಬಂದವರೆಲ್ಲ ಕೊನೆಗೊಂದು ಮಾತು ಹೇಳಿಯೇ ಹೇಳುತ್ತಾರೆ: 'ಅಕ್ಕಾರ, ಒಂಚೂರು ಅನಿಮೇಶನ್ ಹಾಕ್ರಿ, ಸುಮ್ಮ ಕುಂತಂಗ ಕಾಣಬಾರ್ದು.'

ಅವರು ಕೇಳುವುದು ಅಕ್ಷರ ಹಾರಿ ಬರುವುದನ್ನು. ತಲೆಬರಹ ಬಲಗಡೆಯಿಂದ ತಿರುಗುತ್ತ ಬರಬೇಕು, ಅಂಕಿ ಪುಟಿಯಬೇಕು, ಬಾಣದ ಗುರುತು ಮಿಣುಕಬೇಕು. ಹಲವು ವರ್ಷ ಅದನ್ನೇ ಮಾಡಿಕೊಟ್ಟೆ. ಈಗ ಮಾಡುವುದಿಲ್ಲ. ಯಾಕೆಂದು ಕೇಳಿದವರಿಗೆ ಅಂಗಡಿಯಲ್ಲಿ ನಿಂತು ಹೇಳುವಷ್ಟು ಪುರುಸೊತ್ತು ಇರುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಸ್ಲೈಡಿನಲ್ಲಿ ಚಲನೆ ಬೇಕು, ಖಂಡಿತ ಬೇಕು. ಆದರೆ ಆ ಚಲನೆ ಆಳದಿಂದ ಹುಟ್ಟಬೇಕು. ಹತ್ತಿರದ ವಸ್ತು ಹೆಚ್ಚು ಸರಿಯಬೇಕು, ದೂರದ್ದು ಕಡಿಮೆ ಸರಿಯಬೇಕು. ಇಷ್ಟನ್ನು ಪಾಲಿಸಿದರೆ ನಮ್ಮ ಜಿಲ್ಲೆಯ ಶಾಲೆಗಳೂ ಸಭೆಗಳೂ ಈಗ ಕಾಣದ ಎಷ್ಟೋ ಸಂಗತಿಗಳನ್ನು ಕಾಣುತ್ತವೆ ಎಂದು ನಾನು ನಂಬಿದ್ದೇನೆ.

ಕಲಬುರಗಿಯಿಂದ ಬೀದರ್ ಗಾಡಿ ಹತ್ತಿ ನೋಡಿ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಮಾರ್ಗ ಅದು. ತಾಜಸುಲ್ತಾನಪುರ ಬಿಟ್ಟು ಕಮಲಾಪುರದ ಕಡೆ ಹೊರಟಾಗ ಕಿಟಕಿಯ ಪಕ್ಕ ಕೂತರೆ ಸಾಕು. ಹಳಿಯ ಮಗ್ಗುಲಿನ ಕಂಬ ಕಣ್ಣಿಗೆ ಸಿಗದಷ್ಟು ಬಿರುಸಾಗಿ ಹಿಂದೆ ಓಡುತ್ತದೆ. ಅದರಾಚೆಯ ಜಾಲಿಗಿಡ ಸ್ವಲ್ಪ ನಿಧಾನ. ತೊಗರಿ ಹೊಲದ ಸಾಲುಗಳು ಬೀಸಣಿಗೆ ಬಿಚ್ಚಿದ ಹಾಗೆ ತೆರೆದು ಮುಚ್ಚಿಕೊಳ್ಳುತ್ತವೆ. ದೂರದ ದಿಬ್ಬದ ಮೇಲಿನ ಗುಡಿ ಮಾತ್ರ ನಮ್ಮ ಜೊತೆಯಲ್ಲೇ ಬರುವಂತೆ ಕಾಣುತ್ತದೆ. ಯಾವುದು ಹತ್ತಿರ, ಯಾವುದು ದೂರ ಎಂದು ಯಾರೂ ನಮಗೆ ಹೇಳಬೇಕಾಗಿಲ್ಲ. ಆ ವೇಗಗಳ ವ್ಯತ್ಯಾಸವೇ ಹೇಳುತ್ತದೆ. ಇಂಗ್ಲಿಷಿನವರು ಇದಕ್ಕೆ ಪ್ಯಾರಲ್ಯಾಕ್ಸ್ ಅನ್ನುತ್ತಾರೆ. ಹೆಬ್ಬೆರಳು ಮುಖದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ. ಬೆರಳು ಗೋಡೆಯ ಮೇಲೆ ಅತ್ತಿತ್ತ ಜಿಗಿಯುತ್ತದಲ್ಲ, ಅದೇ. ಸೂರ್ಯನನ್ನು ಬಿಟ್ಟು ಬೇರೊಂದು ನಕ್ಷತ್ರ ಎಷ್ಟು ದೂರವಿದೆ ಎಂಬುದನ್ನು ಬೆಸೆಲ್ ಎಂಬ ಜರ್ಮನ್ ವಿಜ್ಞಾನಿ 1838ರಲ್ಲಿ ಲೆಕ್ಕ ಹಾಕಿದ್ದೂ ಇದೇ ಉಪಾಯದಿಂದ. ಅವನ ಎರಡು ಕಣ್ಣುಗಳೆಂದರೆ ಸೂರ್ಯನ ಸುತ್ತಣ ದಾರಿಯಲ್ಲಿ ಭೂಮಿ ನಿಂತ ಎರಡು ಜಾಗಗಳು.

ನನಗೆ ಇದನ್ನು ಕಲಿಸಿದ್ದು ಕಂಪ್ಯೂಟರ್ ಅಲ್ಲ, ಅಪ್ಪ.

ಅಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದರು. ಮಳೆಗಾಲದಲ್ಲಿ ಅಂಗಡಿಗಳ ಬೋರ್ಡು, ಬೇಸಿಗೆಯಲ್ಲಿ ಜಾತ್ರೆಯಿಂದ ಜಾತ್ರೆಗೆ ಕಂಪನಿಯ ಹಿಂದೆ ಅಲೆದಾಟ. ಶರಣಬಸವೇಶ್ವರ ಜಾತ್ರೆಗೆ ಬಂದ ಕಂಪನಿಯೊಂದರ ಡೇರೆಯಲ್ಲಿ ನಾನು ಮೊದಲ ಸಲ ರಂಗದ ಹಿಂದೆ ಕೂತಾಗ ನನಗೆ ಒಂಬತ್ತು ವರ್ಷ. ಮುಂದೆ ಕೂತವರಿಗೆ ದಟ್ಟ ಕಾಡು ಕಾಣುತ್ತಿತ್ತು. ನನಗೆ ಕಂಡದ್ದು ಹಗ್ಗ, ಬಿದಿರು, ಮೂರು ಬಟ್ಟೆ. ಎಲ್ಲಕ್ಕೂ ಹಿಂದೆ ತೆಳು ನೀಲಿಯ ಗುಡ್ಡಗಳ ಪರದೆ. ಅದರ ಮುಂದೆ ಮರಗಳ ನಡುವಿನ ಬಟ್ಟೆಯನ್ನು ಕತ್ತರಿಸಿ ತೆಗೆದ ಪರದೆ. ಅದಕ್ಕೂ ಮುಂದೆ ಎರಡು ಬದಿಗೆ ವಿಂಗು, ಮೇಲೆ ಎಲೆಗಳ ಝಾಲರ. ಹಿಂದಿನ ಗುಡ್ಡಕ್ಕೆ ಅಪ್ಪ ಬಿಳಿಯನ್ನು ಧಾರಾಳವಾಗಿ ಬೆರೆಸಿದ್ದರು. ಮುಂದಿನ ಮರದ ಬೊಡ್ಡೆಗೆ ಮಾತ್ರ ಕಂದು, ಕಪ್ಪು, ಅಂಚಿಗೆ ಒಂದು ಎಳೆ ಹಳದಿ. ನಾನು ಗುಡ್ಡ ಯಾಕೆ ಮಾಸಿದೆ ಎಂದು ಕೇಳಿದೆ. 'ಮಾಸಿಲ್ಲವ್ವ, ದೂರ ಹೋಗ್ಯಾದ' ಅಂದರು. ಆಮೇಲೆ ಕತ್ತರಿಸಿದ ಜಾಗ ತೋರಿಸಿ ಇನ್ನೊಂದು ಮಾತು ಸೇರಿಸಿದರು: 'ಕಣ್ಣಿಗೆ ಮೊದಲ ಒಂದು ತೂತು ಕೊಡಬೇಕು. ಆಮ್ಯಾಲ ಗುಡ್ಡ ಕೊಡಬೇಕು.'

ಈ ಮಾತಿನ ಅರ್ಥ ಅವರು ಮನೆಯಲ್ಲಿ ಮಾಡಿ ತೋರಿಸಿದರು. ಹಳೆಯ ಕ್ಯಾಲೆಂಡರಿನ ಒಂದು ಚಿತ್ರ ತಗೊಂಡು ಕತ್ತರಿಯಿಂದ ಮೂರು ತುಂಡು ಮಾಡಿದರು: ಹಿಂದಿನ ನದಿ ಗುಡ್ಡ ಒಂದು, ನಡುವಿನ ಗಿಡಗಳು ಒಂದು, ಮುಂದೆ ಕೊಡ ಹೊತ್ತ ಹೆಂಗಸು ಒಂದು. ಗುಡ್ಡವನ್ನು ನೆಲಕ್ಕೇ ಇಟ್ಟರು. ಗಿಡಗಳನ್ನು ಒಂದು ಕಡ್ಡಿಪೆಟ್ಟಿಗೆಯ ಮೇಲೆ, ಹೆಂಗಸನ್ನು ಎರಡು ಕಡ್ಡಿಪೆಟ್ಟಿಗೆಗಳ ಮೇಲೆ ಏರಿಸಿದರು. 'ಈಗ ಮ್ಯಾಲಿಂದ ನೋಡ್ಕೋತ ತಲಿ ಅಲ್ಲಾಡಸು' ಅಂದರು. ತಲೆ ಅಲ್ಲಾಡಿಸಿದೆ. ಕೊಡ ಹೊತ್ತವಳು ಗುಡ್ಡದ ಮುಂದೆ ನಡೆದಳು. ಚಿತ್ರ ಅದೇ, ಕಾಗದ ಅದೇ. ಎರಡು ಕಡ್ಡಿಪೆಟ್ಟಿಗೆ ಅದಕ್ಕೆ ಜೀವ ಕೊಟ್ಟಿದ್ದವು. ಅಪ್ಪ ಎಂದೂ ಕತ್ತರಿ ಹಾಕದಿದ್ದದ್ದು ಎಸ್.ಎಂ. ಪಂಡಿತರ ಚಿತ್ರವಿದ್ದ ಕ್ಯಾಲೆಂಡರಿಗೆ ಮಾತ್ರ. 1916ರಲ್ಲಿ ನಮ್ಮ ಕಲಬುರಗಿಯಲ್ಲೇ ಹುಟ್ಟಿ, ಮುಂಬಯಿಗೆ ಹೋಗಿ, ಸಿನಿಮಾ ಪೋಸ್ಟರು ಕ್ಯಾಲೆಂಡರುಗಳಿಂದ ದೇಶದ ಮನೆಮನೆಯ ಗೋಡೆ ಸೇರಿದ ಕಲಾವಿದರು ಅವರು. ಅವರ ಹೆಸರಿನ ರಂಗಮಂದಿರದ ಮುಂದೆ ಹಾದು ಹೋಗುವಾಗೆಲ್ಲ ಅಪ್ಪ ಚಪ್ಪಲಿ ಬಿಟ್ಟು ಒಂದು ಕ್ಷಣ ನಿಲ್ಲುತ್ತಿದ್ದರು.

ಅಪ್ಪನೊಬ್ಬರ ವಿದ್ಯೆಯಲ್ಲ ಇದು. ತೊಗಲುಗೊಂಬೆ ಆಡಿಸುವವರಿಗೆ ತಲೆತಲಾಂತರದಿಂದ ಗೊತ್ತು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಗೆರೆ ಗೆರೆ ಸ್ಪಷ್ಟ. ದೀಪದ ಕಡೆ ಹಿಂದಕ್ಕೆ ಎಳೆದರೆ ದೊಡ್ಡದಾಗುತ್ತದೆ, ಮಸುಕಾಗುತ್ತದೆ. ಇಂಥ ಗೊಂಬೆಯಾಟಕ್ಕಾಗಿಯೇ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು ಕಪ್ಪು ಕಾಗದದ ಗೊಂಬೆಗಳನ್ನು ಕತ್ತರಿಸಿ, ಗಾಜಿನ ಹಲಗೆಗಳ ಮೇಲೆ ಪದರ ಪದರವಾಗಿ ಇಟ್ಟು 1926ರಲ್ಲಿ ರಾಜಕುಮಾರ ಅಹ್ಮದನ ಕಥೆಯನ್ನು ಪೂರ್ತಿ ಸಿನಿಮಾ ಮಾಡಿದಳು. ಹನ್ನೊಂದು ವರ್ಷದ ಮೇಲೆ, 1937ರಲ್ಲಿ, ಡಿಸ್ನಿ ಕಂಪನಿ ಹಳೆಯ ಗಿರಣಿಯೊಂದರ ಕುರಿತ ಕಿರುಚಿತ್ರದಲ್ಲಿ ದೊಡ್ಡ ಯಂತ್ರವನ್ನೇ ನಿಲ್ಲಿಸಿ ಇದೇ ಕೆಲಸ ಮಾಡಿತು. ಮೇಲೆ ಕ್ಯಾಮೆರಾ, ಕೆಳಗೆ ಒಂದರ ಕೆಳಗೊಂದು ಗಾಜು, ಪ್ರತಿ ಗಾಜಿಗೂ ಅದರದೇ ವೇಗ. ಅಪ್ಪನ ಕಡ್ಡಿಪೆಟ್ಟಿಗೆಗಳಿಗೂ ಆ ಯಂತ್ರಕ್ಕೂ ತತ್ವದಲ್ಲಿ ಏನೂ ಭೇದವಿಲ್ಲ.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ.

ಕಮಲಾಪುರ ತಾಲ್ಲೂಕಿನ ಸರ್ಕಾರಿ ಶಾಲೆಯ ಸಮಾಜ ವಿಜ್ಞಾನ ಶಿಕ್ಷಕರೊಬ್ಬರು ಒಂದು ಶನಿವಾರ ಮಧ್ಯಾಹ್ನ ಬಂದರು. ಬಹಮನಿ ಸುಲ್ತಾನರ ಪಾಠಕ್ಕೆ ಸ್ಲೈಡ್ ಬೇಕಿತ್ತು. 'ನಮ್ಮ ಹುಡುಗರು ಕೋಟಿ ನೋಡಿಲ್ಲರೀ ಅಕ್ಕಾರ. ಬಸ್ಸಿಗೆ ಒಂದೂವರಿ ತಾಸು. ಕರಕೊಂಡು ಬರಲಿಕ್ಕ ಆಗವಲ್ದು. ಮಸೀದಿ ಒಳಗ ಹೋದಂಗ ಅನಸಬೇಕ್ರಿ' ಅಂದರು. ಅವರ ಕೈಯಲ್ಲಿ ಮೊದಲೇ ಒಂದು ಪಿಪಿಟಿ ಇತ್ತು. ಎಡಕ್ಕೆ ಅಂಚೆಚೀಟಿಯಷ್ಟು ಫೋಟೊ, ಬಲಕ್ಕೆ ಒಂಬತ್ತು ಸಾಲು. ಪ್ರತಿ ಸಾಲೂ ಮೇಲಿಂದ ಬಿದ್ದು ಪುಟಿದು ನಿಲ್ಲುತ್ತಿತ್ತು. ಒಂಬತ್ತನೆಯದು ಬೀಳುವ ಹೊತ್ತಿಗೆ ಮಕ್ಕಳು ಓದುವುದನ್ನು ಬಿಟ್ಟು ಮುಂದಿನದು ಹೇಗೆ ಬೀಳುತ್ತದೆ ಎಂದು ಕಾಯುತ್ತಾರೆ ಎಂದು ಅವರೇ ನೊಂದು ಹೇಳಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಕೋಟೆಗೆ ಹೋದೆವು. ಅದರೊಳಗಿನ ಜಾಮಾ ಮಸೀದಿ 1367ರಲ್ಲಿ ಕಟ್ಟಿದ್ದು. ಪರ್ಷಿಯಾದ ಕಜ್ವೀನ್ ಪಟ್ಟಣದ ರಫಿ ಎಂಬ ಶಿಲ್ಪಿಯ ಕೆಲಸ. ಬೇರೆ ಜಾಮಾ ಮಸೀದಿಗಳಲ್ಲಿ ಸಾಮಾನ್ಯವಾಗಿ ನಡುವೆ ಬಯಲು ಅಂಗಳ ಇರುತ್ತದೆ. ಇಲ್ಲಿ 216 ಅಡಿ ಉದ್ದ, 176 ಅಡಿ ಅಗಲದ ಜಾಗಕ್ಕೆಲ್ಲ ಮೇಲೆ ಸೂರು. ಬದಿಯ ಹಜಾರದ ಒಂದು ತುದಿಗೆ ನಿಂತರೆ ಗಿಡ್ಡ ಕಂಬಗಳಿಂದ ಎದ್ದ ಅಗಲ ಕಮಾನು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಕಣ್ಣು ಸೋಲುವವರೆಗೂ. ಬದಿಯಿಂದ ಬೆಳಕು ಬಂದು ಒಂದು ಕಮಾನು ಬೆಳ್ಳಗೆ, ಮುಂದಿನದು ಬೂದಿಬಣ್ಣ. ಪದರಗಳನ್ನು ನಾವು ಮಾಡಬೇಕಾಗಿಯೇ ಇರಲಿಲ್ಲ. ಆರೂವರೆ ಶತಮಾನದ ಹಿಂದೆಯೇ ಒಬ್ಬ ಶಿಲ್ಪಿ ಮಾಡಿಟ್ಟಿದ್ದ. ಅಪ್ಪ ಹೇಳಿದ ತೂತು ಇಲ್ಲಿ ಕಲ್ಲು ಗಾರೆಯಲ್ಲಿ ಇತ್ತು.

ಫೋಟೊ ತಂದು ಮೂರು ಕಮಾನುಗಳನ್ನು ಬೇರೆ ಬೇರೆ ಮಾಡಿದೆ. ಪವರ್‌ಪಾಯಿಂಟಿನಲ್ಲೇ 'ರಿಮೂವ್ ಬ್ಯಾಕ್‌ಗ್ರೌಂಡ್' ಇದೆ. ಕಮಾನಿನ ಒಳಗಿನ ಬಯಲನ್ನು ಅದರಿಂದ ಅಳಿಸಿದರೆ ಆ ಜಾಗ ಪಾರದರ್ಶಕವಾಗುತ್ತದೆ. ಹಿಂದೆ ಕೊನೆಯ ಗೋಡೆ, ಅದರ ಮೇಲೆ ಮೂರನೇ ಕಮಾನು, ಆಮೇಲೆ ಎರಡನೆಯದು, ಎಲ್ಲಕ್ಕೂ ಮುಂದೆ ಮೊದಲನೆಯದು. ಆಲ್ಟ್ ಮತ್ತು ಎಫ್10 ಒತ್ತಿದರೆ ಬಲಗಡೆ ಸೆಲೆಕ್ಷನ್ ಪೇನ್ ತೆರೆಯುತ್ತದೆ. ಯಾವ ಪದರ ಯಾವುದರ ಮೇಲಿದೆ ಎಂಬುದು ಅಲ್ಲಿ ಪಟ್ಟಿಯ ಹಾಗೆ ಕಾಣುತ್ತದೆ. 'ಪಿಕ್ಚರ್ 7', 'ಪಿಕ್ಚರ್ 12' ಎಂದಿರುವುದನ್ನು ಅಳಿಸಿ 'ಹತ್ತಿರದ ಕಮಾನು', 'ನಡುವಿನ ಕಮಾನು' ಎಂದು ಕನ್ನಡದಲ್ಲೇ ಹೆಸರು ಕೊಟ್ಟೆ. ಈ ಪೇನ್ ತೆರೆಯದೆ ಪದರದ ಕೆಲಸಕ್ಕೆ ಕೈ ಹಾಕಿದವರು ಹತ್ತೇ ನಿಮಿಷದಲ್ಲಿ ದಾರಿ ತಪ್ಪುತ್ತಾರೆ.

ಲೆಕ್ಕ ಇರುವುದು ಮುಂದೆ. ಮಕ್ಕಳು ಇಪ್ಪತ್ತು ಅಡಿ ಒಳಗೆ ನಡೆದರು ಎಂದು ಇಟ್ಟುಕೊಳ್ಳೋಣ. ನಲವತ್ತು ಅಡಿ ದೂರವಿದ್ದ ಕಮಾನು ಈಗ ಇಪ್ಪತ್ತು ಅಡಿಯಲ್ಲಿದೆ, ಅಂದರೆ ಎರಡು ಪಟ್ಟು ದೊಡ್ಡದಾಗಿ ಕಾಣಬೇಕು. ಎಂಬತ್ತು ಅಡಿ ದೂರದ್ದು ಅರವತ್ತಕ್ಕೆ ಬಂತು, ಅದು ಮೂರನೇ ಒಂದು ಭಾಗದಷ್ಟು ಮಾತ್ರ ಬೆಳೆಯಬೇಕು. ನೂರಾ ಅರವತ್ತು ಅಡಿ ದೂರದ್ದು ನೂರಾ ನಲವತ್ತಕ್ಕೆ ಬಂತು, ಬೆಳೆಯುವುದು ಏಳನೇ ಒಂದು ಭಾಗ. ಸ್ಲೈಡನ್ನು ನಕಲು ಮಾಡಿ, ಎರಡನೇ ಸ್ಲೈಡಿನಲ್ಲಿ ಒಂದೊಂದು ಪದರವನ್ನೂ ಈ ಲೆಕ್ಕಕ್ಕೆ ದೊಡ್ಡದು ಮಾಡಿ, ಎರಡರ ನಡುವೆ 'ಮಾರ್ಫ್' ಎಂಬ ಟ್ರಾನ್ಸಿಶನ್ ಹಾಕಿ ನಾಲ್ಕು ಸೆಕೆಂಡು ಕೊಟ್ಟರೆ ಮುಗಿಯಿತು. ಯಂತ್ರ ಒಂದು ಪದರವನ್ನು ಇನ್ನೊಂದೆಂದು ತಪ್ಪು ತಿಳಿಯಬಾರದು ಎಂದರೆ ಎರಡೂ ಸ್ಲೈಡಿನಲ್ಲಿ ಹೆಸರಿನ ಮುಂದೆ ಎರಡು ಆಶ್ಚರ್ಯಸೂಚಕ ಚಿಹ್ನೆ ಇಟ್ಟು ಅದೇ ಹೆಸರು ಬರೆಯಬೇಕು. ಬದಿಗೆ ಸರಿಯುವ ಚಿತ್ರವಾದರೆ ಲೆಕ್ಕ ಇನ್ನೂ ಸುಲಭ: ದೂರ ಎರಡು ಪಟ್ಟಾದರೆ ಸರಿತ ಅರ್ಧ. ಹತ್ತಡಿಯ ಕಂಬ ಹನ್ನೆರಡು ಸೆಂಟಿಮೀಟರ್ ಸರಿದರೆ ಇಪ್ಪತ್ತಡಿಯದು ಆರು, ನಲವತ್ತಡಿಯದು ಮೂರು. ಎಲ್ಲವೂ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲಬೇಕು.

ಮೊದಲ ಸಲ ನಾನೊಂದು ತಪ್ಪು ಮಾಡಿದೆ. ಹತ್ತಿರದ ಕಮಾನು ದೊಡ್ಡದಾಗಿ ಬದಿಗೆ ಸರಿದಾಗ ಅದರ ಹಿಂದೆ ಬಿಳಿ ಖಾಲಿ ಜಾಗ ಹಲ್ಲು ಕಿರಿಯಿತು. ಫೋಟೊದಲ್ಲಿ ಕಂಬ ಮರೆ ಮಾಡಿದ್ದ ಗೋಡೆ ನನ್ನ ಬಳಿ ಇರಲೇ ಇಲ್ಲ. ಆಗ ಅಪ್ಪನ ವಿಂಗುಗಳು ನೆನಪಾದವು. ಡೇರೆಯ ತೀರಾ ಬದಿಗೆ ಕೂತವನಿಗೂ ಹಿಂದಿನ ಹಗ್ಗ ಕಾಣಬಾರದೆಂದು ಅವರು ಹಿಂದಿನ ಪರದೆಯನ್ನು ಕಾಣುವ ಜಾಗಕ್ಕಿಂತ ಎರಡು ಮೊಳ ಹೆಚ್ಚಿಗೆ ಬರೆಯುತ್ತಿದ್ದರು. ಸ್ಲೈಡಿನಲ್ಲೂ ಹಿಂದಿನ ಪದರ ಹಾಳೆಯ ಅಂಚನ್ನು ದಾಟಿ ಹೊರಗೆ ಚಾಚಿರಬೇಕು, ಮುಂದಿನದರ ಮರೆಯಲ್ಲಿ ಇರುವುದೂ ಅದರಲ್ಲಿ ತುಂಬಿರಬೇಕು.

ಶಿಕ್ಷಕರು ಆಮೇಲೆ ಫೋನ್ ಮಾಡಿ ಹೇಳಿದ ಒಂದು ಸಂಗತಿಯನ್ನು ನಾನು ಮರೆಯಲಾರೆ. ಕಂಬಗಳು ಬದಿಗೆ ಸರಿಯುವಂತೆ ಮಾಡಿಕೊಟ್ಟಿದ್ದ ಇನ್ನೊಂದು ಸ್ಲೈಡ್ ನಡೆಯುತ್ತಿರುವಾಗ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು, ಕುತ್ತಿಗೆ ಓರೆ ಮಾಡಿ, ಕಂಬದ ಹಿಂದೆ ಏನಿದೆ ಎಂದು ಇಣುಕಿದಳಂತೆ. ಗೋಡೆಗೆ ಬಿದ್ದ ಬೆಳಕಿನ ಹಿಂದೆ ಇಣುಕಿದಳು. ಆಮೇಲೆ ಕೇಳಿದಳಂತೆ, 'ಸರ್ರೀ, ಇಷ್ಟು ಕಂಬ ಯಾಕ ಕಟ್ಯಾರ?' ಮೇಲೆ ಸೂರಿದೆ, ಸೂರಿಗೆ ಆಧಾರ ಬೇಕು, ಆದ್ದರಿಂದ ಕಂಬ. ಆ ಮಸೀದಿಯ ವಿಶೇಷವೆಲ್ಲ ಇರುವುದು ಅಲ್ಲೇ. ಒಂಬತ್ತು ಸಾಲು ಪುಟಿದರೂ ಹುಟ್ಟದ ಪ್ರಶ್ನೆ ನಾಲ್ಕು ಸೆಕೆಂಡಿನ ನಡಿಗೆಯಿಂದ ಹುಟ್ಟಿತು.

'ವಿಷಯ ಗಟ್ಟಿ ಇದ್ದರೆ ಸಾಕು, ಆಟ ಯಾಕೆ' ಎನ್ನುವವರಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ, ಯಾಕೆಂದರೆ ಪುಟಿಯುವ ಅಕ್ಷರಗಳನ್ನು ಕಂಡು ಬೇಸತ್ತೇ ಅವರು ಹಾಗೆ ಹೇಳುವುದು. ಆದರೆ ಬರಿ ಸಾಲುಗಳೂ ನಿರಪರಾಧಿಗಳಲ್ಲ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ನಾಶವಾಗಿ ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಮೇಲೇರುವಾಗ ಅದರ ರೆಕ್ಕೆಗೆ ಬಡಿದಿದ್ದ ಒಂದು ತುಂಡಿನಿಂದ ಎಷ್ಟು ಅಪಾಯ ಎಂಬುದನ್ನು ನೌಕೆ ಇನ್ನೂ ಮೇಲಿದ್ದಾಗಲೇ ಸ್ಲೈಡುಗಳಲ್ಲಿ ಚರ್ಚಿಸಿದ್ದರು. ಮುಖ್ಯ ಸಂಗತಿ ಚುಕ್ಕೆಗಳ ಒಳಗಿನ ಚುಕ್ಕೆಯಲ್ಲಿ, ಸಣ್ಣ ಅಕ್ಷರದಲ್ಲಿ ಹೂತುಹೋಗಿತ್ತು ಎಂದು ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು ಬರೆದರು, ತನಿಖಾ ಮಂಡಳಿಯೂ ಅದನ್ನು ಎತ್ತಿ ಹೇಳಿತು. ಯಾವುದು ಮುಂದೆ, ಯಾವುದು ಹಿಂದೆ ಎಂದು ತೋರಿಸುವ ಕೆಲಸವನ್ನು ಚುಕ್ಕೆಗಳ ಪಟ್ಟಿಗೆ ಬಿಟ್ಟರೆ ಆಗುವುದು ಇದೇ. ಆಳ ಅಲಂಕಾರವಲ್ಲ, ಯಾವುದು ನಮಗೆ ಹತ್ತಿರದ್ದು ಎಂದು ಹೇಳುವ ಬಗೆ.

ಇದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದ್ದು ಈ ಭಾಗದವರಾರೂ ಮರೆತಿಲ್ಲ. ಸೊನ್ನ ಬ್ಯಾರೇಜಿನಿಂದ ಕೆಳಗೆ ಅಫಜಲಪುರ, ಜೇವರ್ಗಿ, ಚಿತ್ತಾಪುರ ತಾಲ್ಲೂಕುಗಳ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅದರ ಮರುವರ್ಷ ಒಂದು ಸಭೆಗೆಂದು ಒಬ್ಬರು ಸ್ಲೈಡ್ ಮಾಡಿಸಲು ಬಂದರು. ಹಳ್ಳಿಗಳ ಹೆಸರು, ನೀರಿನ ಮಟ್ಟ, ಮನೆಗಳ ಸಂಖ್ಯೆ, ಎಲ್ಲ ಕೋಷ್ಟಕದಲ್ಲಿ. ನಾನು ಒಂದೇ ಹಳ್ಳಿಯ ಫೋಟೊ ಕೇಳಿದೆ. ಮುಂದಿನ ಸಾಲಿನ ಮನೆಗಳು ಒಂದು ಪದರ, ಹಿಂದಿನ ಓಣಿ ಒಂದು ಪದರ, ಎತ್ತರದ ಶಾಲೆಯೂ ಬೇವಿನ ಮರವೂ ಮತ್ತೊಂದು ಪದರ. ನೀರನ್ನು ಒಂದೇ ಹಾಳೆಯಾಗಿ ಮೇಲೆ ಹಾಸಲಿಲ್ಲ. ಮನೆಗಳ ಒಂದೊಂದು ಸಾಲಿನ ಮುಂದೂ ತೆಳುವಾದ ಒಂದೊಂದು ಪದರ ಇಟ್ಟು ಎಲ್ಲವನ್ನೂ ಒಟ್ಟಿಗೆ ಏರಿಸಿದೆ. ನೀರು ಮೊದಲು ಮುಂದಿನ ಕಟ್ಟೆ ಮುಟ್ಟಿತು, ಆಮೇಲೆ ಹಿಂದಿನ ಹೊಸ್ತಿಲು, ಕೊನೆಗೆ ಶಾಲೆಯ ಮೆಟ್ಟಿಲ ಹತ್ತಿರ ನಿಂತಿತು. ಆ ಶಾಲೆಗೇ ಜನರನ್ನು ಕರೆದೊಯ್ಯಬೇಕು, ಆದರೆ ಶಾಲೆಗೆ ಹೋಗುವ ದಾರಿ ಮುಂದಿನ ಓಣಿಯಲ್ಲೇ ಇದೆ ಎಂಬುದು ಕೋಷ್ಟಕದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬಂದವರು ನೋಡಿ ಖುಷಿಯಾಗಿ, 'ಇನ್ನ ಸ್ವಲ್ಪ ಮ್ಯಾಲ ಏರಸ್ರಿ, ನೋಡಿದವರ ಎದಿ ಝಲ್ ಅನ್ನಬೇಕು' ಅಂದರು. ನಾನು ಒಪ್ಪಲಿಲ್ಲ. ಅಲ್ಲಿ ಅಳೆದು ಬರೆದ ಮಟ್ಟ ಎಷ್ಟೋ ಅಷ್ಟಕ್ಕೇ ನೀರು ನಿಲ್ಲಬೇಕು ಎಂದೆ. ಆ ದಿನದ ಸಂಭಾವನೆ ಕಳೆದುಕೊಂಡೆ. ಆದರೆ ಈ ವಿಷಯದಲ್ಲಿ ನನ್ನ ಮನಸ್ಸು ಗಟ್ಟಿಯಾಗಿದೆ. ಅಕ್ಷರದಲ್ಲಿ ಬರೆದ ಸುಳ್ಳನ್ನು ಓದುಗ ಅನುಮಾನಿಸುತ್ತಾನೆ. ಕಣ್ಣೆದುರು ಆಳವಾಗಿ ಚಲಿಸುವುದನ್ನು ಕಣ್ಣು ತಾನೇ ಕಂಡದ್ದೆಂದು ನಂಬಿಬಿಡುತ್ತದೆ. ಇಷ್ಟು ಶಕ್ತಿಯ ಉಪಾಯ ಕೈಯಲ್ಲಿದ್ದವರು ಅಳತೆಗೋಲನ್ನೂ ಅದೇ ಸ್ಲೈಡಿನಲ್ಲಿ, ಅದೇ ಪದರಕ್ಕೆ ಅಂಟಿಸಿ ತೋರಿಸಬೇಕು. ಅಳತೆ ಇಲ್ಲದ ನೀರನ್ನು ನಾನು ಏರಿಸುವುದಿಲ್ಲ.

ಇನ್ನೊಂದು ನೋವಿನ ಅನುಭವವನ್ನೂ ಹೇಳಬೇಕು. ಒಂದು ಕಚೇರಿಗೆ ನಾಲ್ಕು ದಿನ ಕೂತು ಮಾಡಿಕೊಟ್ಟ ಸ್ಲೈಡುಗಳು ಸಭೆಯ ದಿನ ಅಲ್ಲಿನ ಕಂಪ್ಯೂಟರಿನಲ್ಲಿ ಸತ್ತೇ ಹೋದವು. ಅಲ್ಲಿದ್ದದ್ದು ಹಳೆಯ ಪವರ್‌ಪಾಯಿಂಟ್. ಅದಕ್ಕೆ ಮಾರ್ಫ್ ಗೊತ್ತಿಲ್ಲ. ಹಾಗಾಗಿ ಸರಿಯಬೇಕಾದ ಪದರಗಳು ಸುಮ್ಮನೆ ಮಸುಕಾಗಿ ಬದಲಾದವು. ಕನ್ನಡ ತಲೆಬರಹಗಳನ್ನು ಹಳೆಯ ನುಡಿ ಫಾಂಟಿನಲ್ಲಿ ಕೊಟ್ಟಿದ್ದರು, ನಾನು ಹಾಗೇ ಬಿಟ್ಟಿದ್ದೆ. ಆ ಫಾಂಟ್ ಅಲ್ಲಿರಲಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬಂತು. ಎಲ್ಲರ ಮುಂದೆ ನನ್ನನ್ನು ಕರೆಸಿ ಕೇಳಿದರು. ಅಂದಿನಿಂದ ಕನ್ನಡವೆಲ್ಲ ಯೂನಿಕೋಡಿನಲ್ಲೇ, ಫಾಂಟು ಫೈಲಿನೊಳಗೇ. ಮಾರ್ಫ್ ಇಲ್ಲದ ಯಂತ್ರಗಳಿಗೆ 'ಮೋಶನ್ ಪಾತ್' ಹಾಕಿ, ಎಲ್ಲ ಪದರಗಳೂ ಒಟ್ಟಿಗೆ ಹೊರಡುವಂತೆ 'ವಿತ್ ಪ್ರೀವಿಯಸ್' ಕೊಟ್ಟು ಇನ್ನೊಂದು ಪ್ರತಿ ಮಾಡಿಡುತ್ತೇನೆ. ಹಳ್ಳಿಯ ಶಾಲೆಗಳಲ್ಲಿ ಇರುವುದು ಇಂಥ ಹಳೆಯ ಯಂತ್ರಗಳೇ. ಅವುಗಳಲ್ಲಿ ಓಡದ ಸ್ಲೈಡ್ ಎಷ್ಟು ಚೆಂದವಿದ್ದರೇನು?

ಚಲನೆ ಹೆಚ್ಚಾದರೆ ಕೆಲವರಿಗೆ ತಲೆ ಸುತ್ತುತ್ತದೆ, ಇದನ್ನೂ ಹಗುರವಾಗಿ ತಗೊಳ್ಳಬಾರದು. ಕೂತ ಮೈ ಕದಲಿಲ್ಲ ಅನ್ನುತ್ತದೆ, ಕಣ್ಣು ನಡೆದೆ ಅನ್ನುತ್ತದೆ, ಎರಡಕ್ಕೂ ಹೊಂದಾಣಿಕೆ ತಪ್ಪಿ ವಾಕರಿಕೆ ಬರುತ್ತದೆ. ನಾನು ಒಂದು ಸ್ಲೈಡಿಗೆ ಒಂದೇ ನಡಿಗೆ ಕೊಡುತ್ತೇನೆ. ಮೂರ್ನಾಲ್ಕು ಸೆಕೆಂಡು, ಆಮೇಲೆ ನಿಶ್ಚಲ. ಅಕ್ಷರಗಳು ಚಲಿಸುವುದೇ ಇಲ್ಲ. ಚಿತ್ರ ನಿಂತ ಮೇಲೆ ಶಿಕ್ಷಕರು ಮಾತಾಡಬೇಕು.

ರೆಡಿಮೇಡ್ ಟೆಂಪ್ಲೇಟ್ ಕೊಂಡರೆ ಈ ತಾಪತ್ರಯ ಯಾಕೆ ಎನ್ನುತ್ತಾರೆ. ತೆರೆದು ನೋಡಿ. ಹಿಂದೆ ಹಿಮದ ಬೆಟ್ಟ, ನಡುವೆ ಸೂಜಿ ಎಲೆಯ ಮರ, ಮುಂದೆ ಟೆಂಟು. ಪದರಗಳೇನೋ ಸರಾಗವಾಗಿ ಸರಿಯುತ್ತವೆ, ಆದರೆ ಕಮಲಾಪುರದ ಮಗುವಿಗೆ ಆ ದೂರ ಯಾವ ದೂರ? ನಮ್ಮ ಹತ್ತಿರದ ಪದರವೆಂದರೆ ಕೆಂಪು ಬಾಳೆಯ ಅಗಲ ಎಲೆ, ಶಹಾಬಾದ ಕಲ್ಲಿನ ಗೋಡೆ. ನಡುವಿನ ಪದರ ಹೂ ಬಿಟ್ಟ ತೊಗರಿ. ದೂರದ್ದು ಬಿಸಿಲಿಗೆ ಬೆಳ್ಳಗಾದ ಬಯಲು. ಹಿಮಕ್ಕೆ ಬಳಸುವ ನೀಲಿಯನ್ನು ಇಲ್ಲಿ ಹಾಕಿದರೆ ಸುಳ್ಳಾಗುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ದೂರದ ಬಣ್ಣ ನೀಲಿಯಲ್ಲ, ಸುಟ್ಟ ಹಳದಿ. ಇದು ಇಲ್ಲಿ ಹುಟ್ಟಿದ ಕಣ್ಣಿಗೆ ಮಾತ್ರ ಗೊತ್ತು.

ಹಾಗಾಗಿ ನನ್ನದೊಂದು ಕೋರಿಕೆ. ಐವಾನ್-ಎ-ಶಾಹಿಯಲ್ಲೇ ಎಂ.ಎಂ.ಕೆ. ದೃಶ್ಯಕಲಾ ಕಾಲೇಜಿದೆ. ಬಣ್ಣ, ಅಳತೆ, ದೂರ ಬಲ್ಲ ಹುಡುಗ ಹುಡುಗಿಯರು ಅಲ್ಲಿ ಕಲಿಯುತ್ತಾರೆ. ಜಿಲ್ಲೆಯ ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಕಮಲಾಪುರದಲ್ಲಿದೆ. ಪಾಠ ಯಾವುದು, ಮಗು ಎಲ್ಲಿ ಎಡವುತ್ತದೆ ಎಂಬುದು ಅಲ್ಲಿಗೆ ಬರುವವರಿಗೆ ಗೊತ್ತು. ವರ್ಷಕ್ಕೆ ಹತ್ತು ದಿನ ಈ ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿ. ಒಬ್ಬ ಕಲಾ ವಿದ್ಯಾರ್ಥಿ, ಒಬ್ಬ ಶಿಕ್ಷಕಿ, ಒಂದು ಲ್ಯಾಪ್‌ಟಾಪ್. ಕೋಟೆಯ ಕಂದಕ, ಸನ್ನತಿಯ ಶಿಲ್ಪ, ಎರೆಮಣ್ಣಿನ ಕೆಳಗಿನ ಪದರಗಳು, ಒಂದು ಬಾವಿಯ ಆಳ. ಹತ್ತು ದಿನಕ್ಕೆ ಹತ್ತು ಪಾಠ ಆದರೂ ಸಾಕು, ಅವನ್ನು ಎಲ್ಲ ಶಾಲೆಗಳೂ ಹಂಚಿಕೊಳ್ಳಬಹುದು. ಇದಕ್ಕೆ ಹೊಸ ಯಂತ್ರ ಬೇಡ, ಬೆಂಗಳೂರಿನಿಂದ ಕಂಪನಿ ಬರುವುದೂ ಬೇಡ. ಲಿಬ್ರೆಆಫೀಸ್ ಇಂಪ್ರೆಸ್ ಪುಕ್ಕಟೆ ಸಿಗುತ್ತದೆ, ಅದರಲ್ಲೂ ಪದರಗಳನ್ನು ಸರಿಸಬಹುದು.

ಅದು ಆಗುವವರೆಗೆ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನನ್ನ ಅಂಗಡಿಯ ಎರಡು ಕಂಪ್ಯೂಟರುಗಳೂ ಶಿಕ್ಷಕರಿಗೆ ಬಿಟ್ಟದ್ದು, ದುಡ್ಡು ಬೇಡ. ಬರುವಾಗ ನಿಮ್ಮ ಊರಿನ ಫೋಟೊ ತನ್ನಿ. ಒಂದೇ ಒಂದು ತೆಗೆದು ಬರಬೇಡಿ. ಮೊದಲನೆಯದು ತೆಗೆದ ಮೇಲೆ ಫೋನ್ ಅದೇ ಎತ್ತರದಲ್ಲಿ ಹಿಡಿದುಕೊಂಡು ಬಲಕ್ಕೆ ಎರಡು ಹೆಜ್ಜೆ ಸರಿದು ಇನ್ನೊಂದು ತೆಗೆಯಿರಿ, ಎಡಕ್ಕೆ ಸರಿದು ಮತ್ತೊಂದು. ಮುಂದಿನ ಮರ ಮುಚ್ಚಿಟ್ಟ ಮನೆ ಆ ಎರಡು ಫೋಟೊಗಳಲ್ಲಿ ಸಿಗುತ್ತದೆ.